ನಾಚಿಕೆ ಯಾರ ಭೂಷಣ?

"ನಾಚಿಕೆ ಹೆಣ್ಣಿಗೆ ಭೂಷಣ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಅಜ್ಜಿಯ ಬಾಯಲ್ಲಿ. ಆಗ ನನಗೆ ಹತ್ತು ವರ್ಷ. ತೀರ ಇತ್ತೀಚೆಗೆ ಕೇಳಿದ್ದು ಹೋದ ದೀಪಾವಳಿಯ ಹೊತ್ತಿಗೆ, ಧಾರವಾಡದಿಂದ ಒಂದು ತಾಸಿನ ದಾರಿಯ ಹಳ್ಳಿಯೊಂದರಲ್ಲಿ, ನಾನು ಲೆಕ್ಕ ನೋಡಲು ಹೋಗುವ ಸಂಘದ ಸದಸ್ಯೆಯೊಬ್ಬಳ ಗಂಡನ ಬಾಯಲ್ಲಿ. ನಡುವೆ ಐವತ್ತೈದು ವರ್ಷ ಸರಿದಿವೆ. ಮಾತು ಮಾತ್ರ ಒಂದಕ್ಷರ ಬದಲಾಗಿಲ್ಲ.

ಆತ ಹೆಂಡತಿಯ ಮೊಬೈಲನ್ನು ಕಸಿದು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದ. ನಾವು ನಾಲ್ವರು ಕೇಳಲು ಹೋದಾಗ ಬೈಯಲಿಲ್ಲ, ಕೂರಲು ಚಾಪೆ ಹಾಸಿಯೇ ಉತ್ತರ ಕೊಟ್ಟ: "ಮರ್ಯಾದಸ್ತರ ಮನೀ ಹೆಣ್ಮಕ್ಕಳು ಮಾರಿ ತೋರಿಸಿ ವಿಡಿಯೋ ಮಾಡೂದಿಲ್ರೀ ಅಕ್ಕೋರ. ನಾಚಿಕಿ ಅನ್ನೂದು ಹೆಣ್ಣಿಗೆ ಭೂಷಣ. ನೀವು ಕಲಿತವರು, ನಿಮಗ ನಾ ಏನ್ ಹೇಳ್ಲಿ?"

ಗೆಳತಿಯರೇ, ಈತನ ಹೆಂಡತಿ ವಾರಕ್ಕೆ ಎರಡು ದಿನ ಪೇಟೆಯ ಬೀದಿಬದಿಯಲ್ಲಿ ರೊಟ್ಟಿಯ ಬುಟ್ಟಿ ಮುಂದಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಾಳೆ. ಸಾವಿರ ಜನ ಅವಳ ಮುಖ ನೋಡಿಕೊಂಡು ಹೋಗುತ್ತಾರೆ. ಆಗ ಈತನ ಮರ್ಯಾದೆಗೆ ಏನೂ ಆಗುವುದಿಲ್ಲ, ಏಕೆಂದರೆ ಸಂಜೆ ಆ ದುಡ್ಡು ಈತನ ಕೈಗೇ ಬರುತ್ತದೆ. ಆಧಾರ್ ಕಾರ್ಡಿಗೆ ಮುಖ ಕೊಟ್ಟಳು, ರೇಷನ್ ಕಾರ್ಡಿಗೆ ಕೊಟ್ಟಳು, ಮತದಾರರ ಚೀಟಿಗೆ ಕೊಟ್ಟಳು. ಆಗೆಲ್ಲ ಇಲ್ಲದ ಭೂಷಣ, ಅವಳು ತಾನಾಗಿ ಬಾಯಿ ತೆರೆದು ಎರಡು ಮಾತು ಹೇಳುತ್ತೇನೆ ಎಂದಾಗ ಎಲ್ಲಿಂದ ಬಂತು?

ನಡೆದದ್ದು ಇಷ್ಟು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡುವ ಹದಿನಾಲ್ಕು ಹೆಂಗಸರ ಸಂಘಕ್ಕೆ ಪೇಟೆಯಿಂದ ಒಬ್ಬ ತರಬೇತುದಾರ ಬಂದಿದ್ದ. ಇನ್ನು ಮೇಲೆ ಮಾಲು ಮಾರಬೇಕಾದರೆ ರೀಲ್ಸ್ ಮಾಡಬೇಕು, ಯೂಟ್ಯೂಬಿಗೆ ಹಾಕಬೇಕು ಎಂದ. ಅದೇನೂ ತಪ್ಪಲ್ಲ. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೊಬೈಲ್ ಎದುರು ಹಿಡಿದು, "ನಗ್ರಿ, ಜೋರಾಗಿ ಮಾತಾಡ್ರಿ, ಆತ್ಮವಿಶ್ವಾಸ ಇಲ್ಲದವರು ಈ ಕಾಲಕ್ಕೆ ನಾಲಾಯಕ್" ಎಂದು ಗದರಿಸತೊಡಗಿದ. ಹದಿನಾಲ್ವರಲ್ಲಿ ಹನ್ನೊಂದು ಮಂದಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಎಲ್ಲರಿಗಿಂತ ಚೆನ್ನಾಗಿ ರೊಟ್ಟಿ ಬಡಿಯುವ ಈ ಹೆಣ್ಣುಮಗಳು ಗೋಡೆಯ ಕಡೆಗೆ ತಿರುಗಿ ನಿಂತಳು. ಆತ ಎಲ್ಲರೆದುರು ಅವಳನ್ನು ಅಣಕಿಸಿದ. ಅವಳು ಹೋದ ವರ್ಷ ಸಂಘದ ಗುಂಪಿನಲ್ಲಿ ತನ್ನ ಫೋಟೋ ಬಂದದ್ದಕ್ಕೆ ಗಂಡನಿಂದ ಬೆತ್ತದೇಟು ತಿಂದಿದ್ದಳೆಂಬುದು ಆತನಿಗೇನು ಗೊತ್ತು? ಕೇಳಲೂ ಇಲ್ಲ. ಮನೆಗೆ ಹೋಗಿ ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಕಳಿಸಿದ. ಅವಳು ಅಂಜುತ್ತಲೇ ಅಭ್ಯಾಸಕ್ಕೆ ಕೂತಳು, ಗಂಡ ನೋಡಿದ, ಮೊಬೈಲು ಕಪಾಟು ಸೇರಿತು.

ಒಬ್ಬ ಹೇಳುತ್ತಾನೆ, ನಾಚಿಕೆ ನಿನ್ನ ಭೂಷಣ. ಇನ್ನೊಬ್ಬ ಹೇಳುತ್ತಾನೆ, ನಾಚಿಕೆ ನಿನ್ನ ನಾಲಾಯಕುತನ. ಇಬ್ಬರೂ ಒಂದೇ ತಕ್ಕಡಿಯವರು. ಈ ನಾಚಿಕೆ ಅವಳಲ್ಲಿ ಹೇಗೆ ಬಂತು ಎಂದು ಇಬ್ಬರೂ ಕೇಳುವುದಿಲ್ಲ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಇಲ್ಲವಾದರೆ ವೇದಿಕೆ ಏರಿ ಅಭ್ಯಾಸವಿರುವವಳು ಪಡಸಾಲೆಯಲ್ಲಿ ಕೂತವರಿಗೆ ಉಪದೇಶ ಮಾಡಿದಂತಾಗುತ್ತದೆ. ನಾನು ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು. 2020ರಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿದಾಗ ನಿವೃತ್ತಿಗೆ ಕೆಲವೇ ತಿಂಗಳಿದ್ದವು. ಪಾಠಗಳನ್ನು ಮೊಬೈಲಿನಲ್ಲಿ ಚಿತ್ರಿಸಿ ಕಳಿಸಿ ಎಂಬ ಆದೇಶ ಬಂತು. ಎಂಬತ್ತು ಹುಡುಗರ ಎದುರು ಹೆದರದ ನಾನು, ಕೋಣೆಯ ಬಾಗಿಲು ಹಾಕಿಕೊಂಡು ಅಂಗೈಯಗಲದ ಆ ಗಾಜಿನ ಎದುರು ಬೆವೆತುಹೋದೆ. ಹನ್ನೊಂದು ಸಲ ಚಿತ್ರಿಸಿದೆ, ಹನ್ನೊಂದು ಸಲ ಅಳಿಸಿದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು, ಮುಖ ಸೊಟ್ಟಗೆ ಕಂಡಿತು.

(ಇದಕ್ಕೆ ಕಾರಣವಿದೆ, ಆಮೇಲೆ ತಿಳಿದುಕೊಂಡೆ. ನಾವು ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಯ ಎಲುಬಿನ ಮೂಲಕವೂ ಕೇಳಿಸುತ್ತದೆ, ಅದರಿಂದ ತುಂಬಿಕೊಂಡಂತೆ ಅನ್ನಿಸುತ್ತದೆ. ಮೊಬೈಲಿನಲ್ಲಿ ಬರುವುದು ಗಾಳಿಯ ದನಿ ಮಾತ್ರ. ಮಿಕ್ಕವರೆಲ್ಲ ಹುಟ್ಟಿದಾಗಿನಿಂದ ಕೇಳುತ್ತಿರುವುದೂ ಅದನ್ನೇ. ಮುಖವೂ ಹಾಗೆ: ನಮಗೆ ಕನ್ನಡಿಯಲ್ಲಿ ಎಡಬಲ ಅದಲುಬದಲಾದ ಮುಖ ರೂಢಿ, ವಿಡಿಯೋದಲ್ಲಿ ಸಾಮಾನ್ಯವಾಗಿ ಬರುವುದು ಊರವರು ನೋಡುವ ಮುಖ. ಸೊಟ್ಟಗಿರುವುದು ನಿಮ್ಮ ಮೂತಿಯಲ್ಲ, ನಿಮ್ಮ ರೂಢಿ.)

ಆದರೆ ನನ್ನ ನಾಚಿಕೆಯ ಬೇರು ಇನ್ನೂ ಹಿಂದಿನದು. 1987ರಲ್ಲಿ ನನ್ನ ಚಿಕ್ಕಪ್ಪನ ಮಗಳನ್ನು ಗಂಡನ ಮನೆಯವರು ತವರಿಗೆ ಅಟ್ಟಿದರು. ವರೋಪಚಾರದ ಬಾಕಿ ಬರಲಿಲ್ಲವೆಂಬುದೇ ಕಾರಣ. ನಾನು ಅವಳ ರವಿಕೆ ತೋಳು ಸರಿಸಿ ಸುಟ್ಟ ಗುರುತು ನೋಡಿದ್ದೆ. ಹಿರಿಯರು ಸೇರಿದರು, ಹದಿನಾಲ್ಕೋ ಹದಿನೈದೋ ಗಂಡಸರು. "ಯಾರು ನೋಡ್ಯಾರ?" ಎಂದು ಒಬ್ಬರು ಕೇಳಿದರು. ಆಗಲೇ ಕೆಲಸದಲ್ಲಿದ್ದ, ಸಂಬಳ ತರುತ್ತಿದ್ದ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನಾಲಿಗೆ ಏಳಲಿಲ್ಲ. ದೊಡ್ಡವರ ಎದುರು ಬಾಯಿ ಹಾಕಬಾರದೆಂದು ಕಲಿಸಿದ್ದರಲ್ಲ! ಅವಳನ್ನು ತಿಳಿಹೇಳಿ ಮರಳಿ ಕಳಿಸಿದರು. ಜೀವ ಉಳಿಯಿತು. ಇವತ್ತಿಗೂ ಅವಳ ಎಡಗಿವಿ ಕೇಳುವುದಿಲ್ಲ. ಆ ದಿನದ ನನ್ನ ಮೌನವನ್ನು ಎಲ್ಲರೂ ಹೊಗಳಿದರು, "ಕಲಿತರೂ ಎಷ್ಟು ಸಂಕೋಚದ ಹುಡುಗಿ" ಎಂದು.

ಹಾಗಾದರೆ ಆ ಭೂಷಣವನ್ನು ಧರಿಸಿದವಳು ನಾನು, ಅದರಿಂದ ಲಾಭ ಪಡೆದವರು ಯಾರು?

ಈಗ ಕ್ಯಾಮೆರಾದ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹುಪಾಲು ಹೆಂಗಸರು ಒಬ್ಬಂಟಿಯಾಗಿ ಕ್ಯಾಮೆರಾದ ಎದುರು ಮೊದಲ ಸಲ ನಿಂತದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಸಂಘದಲ್ಲಿ ಈ ಪ್ರಶ್ನೆ ಕೇಳಿದಾಗ ನಲವತ್ತು ದಾಟಿದವರೆಲ್ಲ ಒಂದೇ ಉತ್ತರ ಹೇಳಿದರು: ವರನ ಕಡೆಯವರಿಗೆ ಕಳಿಸಲು. ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ, ಪೌಡರ್ ಹಚ್ಚಿ, ಯಾರದೋ ರೇಷ್ಮೆ ಸೀರೆ ಉಡಿಸಿ, ಗದ್ದ ಎತ್ತು ಇಳಿಸು ಎಂದು ತೆಗೆಸಿದ ಫೋಟೋ. ಅದು ಲಕೋಟೆಯಲ್ಲಿ ಊರೂರು ಸುತ್ತಿತು. ಯಾರು ಯಾರೋ ಕೈಯಲ್ಲಿ ಹಿಡಿದು ನೋಡಿದರು. ಬಣ್ಣ ಕಡಿಮೆ ಎಂದರು, ಹಲ್ಲು ಮುಂದೆ ಎಂದರು, ಎತ್ತರ ಸಾಲದು ಎಂದರು. ಒಬ್ಬೊಬ್ಬರು ತಿರಸ್ಕರಿಸಿದಂತೆ ಮಾತುಕತೆಯಲ್ಲಿ ಬಂಗಾರದ ತೊಲ ಏರಿತು. ಸಂಘದ ಹಿರಿಯ ಸದಸ್ಯೆಯೊಬ್ಬಳು ಹೇಳಿದಳು: "ನನ್ನ ಫೋಟೋ ಆರು ಮನಿ ತಿರುಗಿ ಬಂತ್ರೀ. ಏಳನೇ ಮನಿಯವರು ಎರಡು ತೊಲಿ ಹೆಚ್ಚಿಗಿ ಕೇಳಿ ಒಪ್ಪಿದ್ರು. ಆಮ್ಯಾಲ ನಾ ಯಾವತ್ತೂ ಫೋಟೋಕ್ಕ ನಿಂತಿಲ್ಲ."

ಇಂಥವಳು ಮೊಬೈಲು ಕಂಡೊಡನೆ ಸೆರಗು ಎಳೆದುಕೊಂಡರೆ ಅದನ್ನು ಆತ್ಮವಿಶ್ವಾಸದ ಕೊರತೆ ಎನ್ನುತ್ತೀರಾ? ತನಗೆ ಬೆಲೆ ಕಟ್ಟಿದ ಯಂತ್ರವನ್ನು ಅವಳು ಚೆನ್ನಾಗಿ ಗುರುತಿಸಿದ್ದಾಳೆ, ಅಷ್ಟೇ. ಇಂದಿನ ಮೊಬೈಲಿನಲ್ಲಿ ಮುಖವನ್ನು ತಾನಾಗಿ ಬೆಳ್ಳಗೆ ಮಾಡುವ ಫಿಲ್ಟರ್ ಬಂದಿದೆ. ಆ ತರಬೇತುದಾರ ಅದನ್ನೇ ಮೊದಲು ಕಲಿಸಿದ! ಕಪ್ಪು ಹುಡುಗಿಗೆ ಎರಡು ತೊಲ ಹೆಚ್ಚು ಕೇಳುವ ಕಣ್ಣಿಗೂ ಈ ಫಿಲ್ಟರಿಗೂ ಏನು ವ್ಯತ್ಯಾಸ? ನಮ್ಮ ಸಂಘದಲ್ಲಿ ನಾವು ಮಾಡಿದ ಮೊದಲ ಕೆಲಸ ಅದನ್ನು ಆರಿಸಿದ್ದು.

ಅಂಕಿಗಳನ್ನೂ ಸ್ವಲ್ಪ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು ನೂರಕ್ಕೆ 33. ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ನೂರಕ್ಕೆ 54. ನಮ್ಮ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದವರು ಹಿಂದಿನ ಸಮೀಕ್ಷೆಯಲ್ಲಿ ನೂರಕ್ಕೆ 20ರ ಆಸುಪಾಸು ಇದ್ದದ್ದು ಇದರಲ್ಲಿ 44ಕ್ಕೆ ಏರಿದೆ. ಹೊಡೆತ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ, ಎರಡೂ ಇರಬಹುದು. ಆದರೆ ಇನ್ನೊಂದು ಲೆಕ್ಕವಿದೆ: ದೇಶದಲ್ಲಿ ಹಿಂಸೆಗೆ ಒಳಗಾದವರಲ್ಲಿ ನೂರಕ್ಕೆ 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಅಕ್ಕನಿಗಿಲ್ಲ, ಅವ್ವನಿಗಿಲ್ಲ, ನೆರೆಮನೆಯವಳಿಗೂ ಇಲ್ಲ. ನಾಚಿಕೆ ಎಂಬ ಸಣ್ಣ ಪದದ ಅಡಿಯಲ್ಲಿ ಎಷ್ಟೊಂದು ಹೂತುಹೋಗಿದೆ ನೋಡಿ.

ಹಾಗೆಂದು, ಎಲ್ಲ ನಾಚಿಕೆಯೂ ಭಯವೇ ಎಂದು ನಾನು ವಾದಿಸುವುದಿಲ್ಲ. ಸ್ವಭಾವತಃ ಮೆಲುಮಾತಿನವರು, ಗುಂಪಿನಲ್ಲಿ ಹಿಂದೆ ಕೂರುವವರು ಇರುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಅದು ಕಾಯಿಲೆಯಲ್ಲ, ವಾಸಿ ಮಾಡಬೇಕಾಗಿಯೂ ಇಲ್ಲ. ಹಿಂದೆ ಕೂತವಳ ಮಾತಿಗೂ ಜಾಗ ಇರಬೇಕು, ಅಷ್ಟೇ ನನ್ನ ಬೇಡಿಕೆ.

ನಮ್ಮ ನಾಡಿನಲ್ಲಿ ಇದು ಹೊಸದೂ ಅಲ್ಲ. ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾಗಿ ಮನೆಯೊಳಗೆ ಉಳಿದ ನಂಜನಗೂಡು ತಿರುಮಲಾಂಬ ಅಲ್ಲಿಂದಲೇ ಬರೆದರು, 'ಸತೀಹಿತೈಷಿಣೀ' ಗ್ರಂಥಮಾಲೆ ಹೊರತಂದರು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಅವರು ಮೊದಲು ಧೈರ್ಯ ಸಂಪಾದಿಸಿ ಆಮೇಲೆ ಲೇಖನಿ ಹಿಡಿಯಲಿಲ್ಲ. ಕೊಡಗಿನ ಗೌರಮ್ಮ ತಮ್ಮ ಕಥೆಗಳಿಗೆ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಸಹಿ ಹಾಕಿದರು. ಮುಖ ಹಾಗಿರಲಿ, ಹೆಸರನ್ನೂ ಮರೆಯಲ್ಲಿಟ್ಟು ಹೇಳಬೇಕಾದ್ದನ್ನು ಹೇಳಿದರು. ಕಥೆಗಳು ಉಳಿದವು.

ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ಬೀದರಿನ ಗಡಿಯಾಚೆ ನೋಡಿ. ತೆಲಂಗಾಣದ ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ರೈತಮಹಿಳೆಯರು, ಓದು ಬರಹ ಬಾರದವರೂ ಸೇರಿ, ಇಪ್ಪತ್ತು ವರ್ಷಗಳಿಗೂ ಹಿಂದೆ ವಿಡಿಯೋ ಕ್ಯಾಮೆರಾ ಕಲಿತರು. ಬಿತ್ತನೆ ಬೀಜದ ಮೇಲೆ, ಹೊಲದ ಮೇಲೆ ಚಿತ್ರ ತೆಗೆದರು. ಕ್ಯಾಮೆರಾ ಹಿಡಿಯುವ ಕೋನಗಳಿಗೆ ಅವರು ಇಂಗ್ಲಿಷ್ ಹೆಸರು ಉರುಹೊಡೆಯಲಿಲ್ಲ. ಮೇಲು ಕೆಳಗಿನ ಕೋನಗಳಿಗೆ ಪಟೇಲನ ಹೆಸರು, ಜೀತದಾಳಿನ ಹೆಸರು ಕೊಟ್ಟರು. ಕಣ್ಣಿಗೆ ಕಣ್ಣು ಸಮನಾಗಿರುವ ಕೋನವನ್ನು 'ಸಂಘಂ ಶಾಟ್' ಎಂದು ಕರೆದರು, ಏಕೆಂದರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂರುತ್ತಾರೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸಾಹಿತ್ಯದಲ್ಲಿ 'ದೃಷ್ಟಿಕೋನ' ಎಂಬುದನ್ನು ಮೂವತ್ತು ವರ್ಷ ಬೋಧಿಸಿದವಳಿಗೆ ಅದರ ಅರ್ಥ ಇಷ್ಟು ಸರಳವಾಗಿ ಹೊಳೆದಿರಲಿಲ್ಲ.

ನಾವು ನಮ್ಮ ಸಂಘದಲ್ಲಿ ಹೀಗೆ ಶುರುಮಾಡಿದೆವು. ಮೊದಲ ಎರಡು ವಾರ ಚಿತ್ರವೇ ಇಲ್ಲ, ದನಿ ಮಾತ್ರ. ಪ್ರತಿಯೊಬ್ಬಳೂ ತಾನು ಬಲ್ಲ ಒಂದು ಕೆಲಸವನ್ನು ಒಂದು ನಿಮಿಷ ಹೇಳಿ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದು. ಹಿಟ್ಟಿಗೆ ಕುದಿನೀರು ಎಷ್ಟು, ಹಂಚು ಎಷ್ಟು ಕಾಯಬೇಕು, ಹಣಿಯುವಾಗ ಅಂಚು ಏಕೆ ಒಡೆಯುತ್ತದೆ. ತನಗೆ ಗೊತ್ತಿರುವುದನ್ನು ಹೇಳುವಾಗ ನಾಲಿಗೆ ತೊಡರುವುದಿಲ್ಲ. ಯಾರೋ ಬರೆದುಕೊಟ್ಟದ್ದನ್ನು ಒಪ್ಪಿಸುವಾಗಲೇ ತೊಡರುವುದು. ಆಮೇಲೆ ಕೈಗಳ ಚಿತ್ರ. ಮೊಬೈಲನ್ನು ಅಕ್ಕಿ ಅಳೆಯುವ ಸೇರಿನ ಮೇಲೆ ಒರಗಿಸಿ ಕಣ್ಣಿನ ಮಟ್ಟಕ್ಕೆ ಇಟ್ಟೆವು. ಅದರ ಹಿಂದೆ ಒಬ್ಬ ಗೆಳತಿಯನ್ನು ಕೂರಿಸಿದೆವು. ಮಾತು ಯಂತ್ರಕ್ಕಲ್ಲ, ಅವಳಿಗೆ. ಪರದೆಯ ಮೇಲೆ ಕಾಣುವ ತನ್ನ ಮುಖವನ್ನು ನೋಡುತ್ತ ಕೂತರೆ ಎಂಥವಳಿಗೂ ಮಾತು ನಿಲ್ಲುತ್ತದೆ, ಅದಕ್ಕೆ ಅದನ್ನು ತಿರುಗಿಸಿ ಹಿಂದಿನ ಕ್ಯಾಮೆರಾ ಬಳಸಿದೆವು. ಸ್ಟೇಟಸ್ ಹಾಕುವಾಗ ಯಾರು ಯಾರು ನೋಡಬೇಕೆಂದು ಆರಿಸಲು ಬರುತ್ತದೆ, ಒಂದು ದಿನದ ಮೇಲೆ ಅದು ಅಳಿಸಿಹೋಗುತ್ತದೆ. ಯೂಟ್ಯೂಬಿನಲ್ಲಿ ಕೊಂಡಿ ಕೊಟ್ಟವರಿಗೆ ಮಾತ್ರ ಸಿಗುವಂತೆ ಇಡಲು ಬರುತ್ತದೆ, ಕಾಮೆಂಟ್ ಮುಚ್ಚಲೂ ಬರುತ್ತದೆ. ಆದರೆ ನೋಡಿದವರು ಉಳಿಸಿಕೊಂಡು ಬೇರೆಯವರಿಗೆ ಕಳಿಸಬಲ್ಲರು, ಅದನ್ನೂ ಮುಚ್ಚಿಡದೆ ಹೇಳಿದೆವು. ಹದಿನಾಲ್ವರಲ್ಲಿ ಐವರು ಇವತ್ತಿಗೂ ಮುಖ ತೋರಿಸಿಲ್ಲ. ತೋರಿಸಿ ಎಂದು ಯಾರೂ ಒತ್ತಾಯಿಸಬಾರದೆಂದು ಠರಾವು ಪುಸ್ತಕದಲ್ಲಿ ಬರೆದು ಸಹಿ ಮಾಡಿದ್ದೇವೆ.

ಸಹಿ ಎಂದಾಗ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಸಂಘ ಕಟ್ಟಿದಾಗ ಬ್ಯಾಂಕಿನ ಮೆಟ್ಟಿಲು ಹತ್ತಲು ಇದೇ ಹೆಂಗಸರು ನಡುಗಿದ್ದರು. ಆಗ ಯಾರೂ ಮೊದಲು ಆತ್ಮವಿಶ್ವಾಸದ ಶಿಬಿರ ಮುಗಿಸಿ ಬನ್ನಿ ಎನ್ನಲಿಲ್ಲ. ಇಬ್ಬಿಬ್ಬರು ಕೈ ಹಿಡಿದುಕೊಂಡು ಹೋದಿರಿ. ನಾಲ್ಕನೆಯ ಸಲ ಮ್ಯಾನೇಜರನಿಗೇ ಬಡ್ಡಿಯ ಲೆಕ್ಕ ತಪ್ಪಿದೆ ಎಂದು ತೋರಿಸಿದಿರಿ.

ನಮ್ಮ ಹಳೆಯ ಸಂಗಾತಿಗಳಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. "ವರದಕ್ಷಿಣೆಯ ವಿರುದ್ಧ ಬೀದಿ ನಾಟಕ ಆಡಿದವರು ನಾವು, ಈಗ ರೀಲ್ಸಿನ ಹುಚ್ಚಾಟಕ್ಕೆ ಇಳಿಯಬೇಕೇ? ನಮ್ಮ ಮುಖ ತೋರಿಸಿ ಕಂಪೆನಿಗಳು ಜಾಹೀರಾತಿನ ದುಡ್ಡು ಮಾಡಬೇಕೇ?" ಎನ್ನುತ್ತಾರೆ. ದುಡ್ಡು ಮಾಡುತ್ತವೆ, ನಿಜ. ನಿನ್ನೆ ಇದ್ದ ಜಾಗ ನಾಳೆ ಇರಲಿಕ್ಕಿಲ್ಲ ಎಂಬುದೂ ನಿಜ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಎಷ್ಟು ಹೆಣ್ಣುಮಕ್ಕಳ ಹಾಡು, ನಗೆ ಒಂದೇ ರಾತ್ರಿ ಮಾಯವಾದವು! ಆದರೆ ಮನೆಯೊಳಗೆ ಕೀಲಿ ಹಾಕಿಸಿಕೊಂಡವಳು ಬೀದಿ ನಾಟಕ ನೋಡಲು ಬೀದಿಗೆ ಬರಲಾರಳು. ಅವಳ ಕೈಗೆ ರಾತ್ರಿ ಹತ್ತು ನಿಮಿಷ ಮೊಬೈಲು ಸಿಗಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಕಠಿಣಳಾಗುತ್ತೇನೆ. ಏಟು ತಿಂದು ಬಂದವಳನ್ನು ಮೊಬೈಲಿನ ಎದುರು ಕೂರಿಸಿ ಅಳಿಸಬೇಡಿ. ಅವಳ ಕಣ್ಣೀರಿಗೆ ಲಕ್ಷ ಮಂದಿ ಮರುಗಿ, ಮರುದಿನ ಮರೆಯುತ್ತಾರೆ. ಅವಳು ಮಾತ್ರ ಅದೇ ಊರಿನಲ್ಲಿ ಬಾಳಬೇಕು. ಅವಳಿಗೆ ಮೊದಲು ಬೇಕಾದದ್ದು ವೈದ್ಯರ ಚೀಟಿ, 181 ಸಹಾಯವಾಣಿ, ಪ್ರಾಣಕ್ಕೆ ಬಂದರೆ 112, ಜಿಲ್ಲೆಯ ಸಖಿ ಕೇಂದ್ರ, ಜೊತೆಗೆ ಠಾಣೆಗೆ ಬರುವ ಇಬ್ಬರು ಹೆಂಗಸರು. ನಾವು 498(ಎ) ಎಂದು ಬಾಯಿಪಾಠ ಮಾಡಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86 ಆಗಿದೆ. ವರದಕ್ಷಿಣೆ ಸಾವಿನದು 80. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡಿದರೆ ಮಾಡಿದವರಿಗೇ ಶಿಕ್ಷೆಯಿದೆ, ಮರೆಯಬೇಡಿ. ಇನ್ನು ನಿಮ್ಮ ವಿಡಿಯೋದ ಕೆಳಗೆ ಹೊಲಸು ಬರೆಯುವವರು ಬಂದೇ ಬರುತ್ತಾರೆ. ಅಳಿಸುವ ಮೊದಲು ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ಸೈಬರ್ ಅಪರಾಧದ ಸರ್ಕಾರಿ ಪೋರ್ಟಲಿನಲ್ಲಿ ದೂರು ಕೊಡಬಹುದು.

ಆ ರೊಟ್ಟಿಯ ಹೆಣ್ಣುಮಗಳ ಮೊಬೈಲು ಇನ್ನೂ ಕಪಾಟಿನಲ್ಲೇ ಇದೆ. ಆದ್ದರಿಂದ ಸಂಘವೇ ಉಳಿತಾಯದಿಂದ ಒಂದು ಮೊಬೈಲು ಕೊಂಡಿತು. ಅದು ಲೆಕ್ಕದ ಪುಸ್ತಕಗಳ ಜೊತೆ ಸಂಘದ ಪೆಟ್ಟಿಗೆಯಲ್ಲಿರುತ್ತದೆ. ಶನಿವಾರ ಸಂಜೆ ತೆಗೆಯುತ್ತೇವೆ. ಅವಳ ಮೊದಲ ವಿಡಿಯೋದಲ್ಲಿ ಎರಡು ಕೈ, ಒಂದು ದನಿ, ಅಷ್ಟೇ. ಗಂಡ ಬಳೆ ನೋಡಿ ಗುರುತು ಹಿಡಿದು ಸಂಘದ ಮನೆಗೆ ಬಂದ. ಹದಿಮೂರು ಹೆಂಗಸರು ಎದ್ದು ನಿಲ್ಲಲಿಲ್ಲ, ಕೆಲಸ ಬಿಡಲೂ ಇಲ್ಲ. ಇನ್ನೊಮ್ಮೆ ಕೈ ಎತ್ತಿದರೆ ಠಾಣೆಗೆ ಎಲ್ಲರೂ ಬರುತ್ತೇವೆಂದು ಅಧ್ಯಕ್ಷೆ ರೊಟ್ಟಿ ಬಡಿಯುತ್ತಲೇ ಹೇಳಿದಳು. ಆತ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದ. ಆ ರಾತ್ರಿಯಿಂದ ಒಂದು ವಾರ ಅವಳು ಅಧ್ಯಕ್ಷೆಯ ಮನೆಯಲ್ಲೇ ಮಲಗಿದಳು. ಈಗ ತನ್ನ ಮನೆಯಲ್ಲಿದ್ದಾಳೆ. ಮುಂದೇನೋ, ನಾವು ಕಾಯುತ್ತಿದ್ದೇವೆ.

ಎರಡನೆಯ ವಿಡಿಯೋಗೆ ಅವಳೇ ವಿಷಯ ಆರಿಸಿದಳು, ರೊಟ್ಟಿಯದಲ್ಲ. ಮದುವೆಯಲ್ಲಿ ಕೊಟ್ಟ ಸಾಮಾನಿನ ಪಟ್ಟಿ. 1985ರ ನಿಯಮದಂತೆ ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಯಾರು ಕೊಟ್ಟರು ಎಂದು ಬರೆದು ವಧು ವರರಿಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಬೇಕು ಎಂದು ನಾನು ಒಂದು ದಿನ ಓದಿ ಹೇಳಿದ್ದೆ. "ನನ್ನ ಮದುವ್ಯಾಗ ಯಾರೂ ಹೇಳಲಿಲ್ರೀ. ನನ್ನ ಮಗಳ ವಾರಿಗಿ ಹುಡುಗ್ಯಾರಿಗೆ ನಾ ಹೇಳ್ತೀನಿ" ಎಂದಳು. ಸೇರಿನ ಮೇಲೆ ಮೊಬೈಲು ಇಟ್ಟೆವು. ನಾನು ವಾಡಿಕೆಯಂತೆ ಅದರ ಹಿಂದೆ ಹೋಗಿ ಕೂತೆ.

"ಅಲ್ಲಿ ಕುಂಡ್ರಬ್ಯಾಡ್ರಿ ಅಕ್ಕೋರ," ಎಂದಳು. "ನನ್ನ ಬಾಜೂಕ ಬರ್ರಿ. ನೀವೂ ಕಾಣ್ರಿ."

ಹೋಗಿ ಕೂತೆ. ನನ್ನ ಅಂಗೈ ಬೆವೆತಿತ್ತು, ಅವಳದೂ ಬೆವೆತಿತ್ತು. ಎರಡು ಸಲ ನಗು ಬಂದು ಕೆಟ್ಟಿತು. ಮೂರನೆಯ ಸಲ ಪಟ್ಟಿಯ ಮಾತು ಪೂರ್ತಿ ಬಂತು.